ಕಾಶಿಯಲ್ಲಿ ಬಿಟ್ಟ ಬೈಗುಳ

ದೊಡ್ಡತ್ತೆ ಊಟ ಮುಗಿಸುತ್ತಿದ್ದದ್ದು ಮಧ್ಯಾಹ್ನ ಎರಡು ಗಂಟೆಗೆ. ಅಥವಾ ಎರಡಲ್ಲ, ಒಂದೂವರೆಗೇ ಇರಬೇಕು. ನಮ್ಮ ಮನೆಯಲ್ಲಿ ಆಗ ಗಡಿಯಾರವೇ ಇರಲಿಲ್ಲ ಎಂದು ನನ್ನ ತಂಗಿ ಹೇಳುತ್ತಾಳೆ. ಇತ್ತು, ನಡೆಯುತ್ತಿರಲಿಲ್ಲ ಎಂದು ನಾನು. ಇಂಥ ನೆನಪನ್ನು ನಂಬಿಕೊಂಡು ಬರೆಯಲು ಕೂತಿದ್ದೇನೆ, ಓದುವವರು ತಮ್ಮ ಎಚ್ಚರದಲ್ಲಿರಬೇಕು. ಆದರೆ ಒಂದು ಮಾತನ್ನು ಮಾತ್ರ ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ: ನಮ್ಮ ದೊಡ್ಡತ್ತೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು, ಒಂದೇ ಹೊತ್ತು ಬಯ್ಯುತ್ತಿದ್ದರು. ಎರಡನ್ನೂ ಹೊಟ್ಟೆ ತುಂಬ!

ದೊಡ್ಡತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಕೆಂಪು ಸೀರೆಯುಟ್ಟು, ಶಿವಮೊಗ್ಗದ ಕೋಟೆ ಕಡೆಯ ನಮ್ಮ ಮನೆಗೆ ಬಂದವರು. ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದ ಕಾಲ. ಆಗ ಅವರಿಗೆ ಐವತ್ತೋ ಐವತ್ತೈದೋ. ಬೆಳಗ್ಗೆ ಸ್ನಾನ ಮಾಡಿ ಮಡಿಯುಟ್ಟರೆಂದರೆ, ಅಡಿಗೆ, ನೈವೇದ್ಯ, ಊಟ ಎಲ್ಲ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಯಾರನ್ನೂ ಬಯ್ಯುವಂತಿಲ್ಲ. ಮೊದಲನೆಯದು ಶಾಸ್ತ್ರ. ಎರಡನೆಯದು ಅವರೇ ಮಾಡಿಕೊಂಡ ಕಾನೂನು.

"ಮಡೀಲಿ ಆಡಿದ ಮಾತು ಫಲಿಸಿಬಿಡತ್ತೆ ಕಣೋ. ನಿನ್ನ ಕೈ ಸೇದಿಹೋಗ ಅಂತೀನಿ, ಯಾರಿಗಾದ್ರೂ ನಿಜವಾಗ್ಲೂ ಸೇದಿಹೋದ್ರೆ ಏನು ಗತಿ?"

ನೋಡಿದಿರಾ! ಫಲಿಸದಿರಲಿ ಎಂದು ಹೊತ್ತು ನೋಡಿ ಬಯ್ಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಹಾಗೆಂದು ಬೆಳಗಿನ ಬೈಗುಳಗಳು ವ್ಯರ್ಥವಾಗುತ್ತಿರಲಿಲ್ಲ. ಒಂದೊಂದು ತಪ್ಪಿಗೆ ಒಂದೊಂದು ಬೆರಳು ಮಡಚಿಕೊಳ್ಳುತ್ತಿದ್ದರು. ಹಾಲಿನವನು ನೀರು ಬೆರೆಸಿ ತಂದ ದಿನ ಅತ್ತೆ ದೂರದಲ್ಲೇ ನಿಂತು, ಪಾತ್ರೆಯೊಳಗೆ ಇಣುಕಿ, ಮಾತಿಲ್ಲದೆ ಕಿರುಬೆರಳು ಮಡಚುವರು. ಅವನು ಅಲ್ಲೇ ಬೆವರುವನು.

"ಅಮ್ಮಾ, ಬೆರಳು ಮಡಚ್ಬೇಡಿ ಅಮ್ಮಾ! ಈಗ್ಲೇ ಬೈದುಬಿಡಿ. ಮಧ್ಯಾಹ್ನ ನಾನು ಆಯನೂರಿಗೆ ಹೋಗ್ಬೇಕು."

ಅತ್ತೆ ತಲೆಯಲ್ಲಾಡಿಸುವರು. ಪಾಪ, ಅವನು ಆಯನೂರಿನ ಕೆಲಸ ಬಿಟ್ಟು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂರುವನು. ಅತ್ತೆ ಊಟ ಮುಗಿಸಿ, ಮಡಿ ಬಿಚ್ಚಿ, ಒಂದು ಲೋಟ ನೀರು ಕುಡಿದು ಹೊರಗೆ ಬರುವರು. "ಲೋ, ನಿನ್ನ ಮನೆ ಹಾಳಾಗ! ತುಂಗಾ ಹೊಳೇನ ಮನೆಮನೆಗೂ ಹಂಚು ಅಂತ ನಿನಗೆ ಯಾವ ದೊರೆ ಹೇಳಿದ್ನೋ, ಅಬ್ಬೇಪಾರಿ!" ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಆಯ್ತಾ ಅಮ್ಮಾ?" ಎಂದು ವಿಚಾರಿಸಿ, ನಿರಾಳವಾಗಿ ಹೋಗುವನು. "ನಿನ್ನ ಮನೆ ಹಾಳಾಗ" ಎಂದ ಮೇಲೆ ಅತ್ತೆ ಮೆಲ್ಲಗೆ "ನಾಳೆ ಸರಿಯಾಗ" ಎಂದು ಸೇರಿಸುತ್ತಿದ್ದರೆಂದೂ ನನಗೆ ನೆನಪು. ಇದು ನನ್ನದೇ ಕಲ್ಪನೆಯಿದ್ದರೂ ಇರಬಹುದು. ತಂಗಿಯನ್ನು ಕೇಳಬೇಡಿ.

ಬಯ್ಯಲು ಅವರಿಗೆ ಇನ್ನೂ ಎಷ್ಟೋ ಕಟ್ಟಳೆಗಳಿದ್ದವು. ಉಣ್ಣುತ್ತಿರುವವರನ್ನು ಬಯ್ಯಬಾರದು, ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಬಸುರಿಯನ್ನು ಬಯ್ಯಬಾರದು, ಒಳಗಿರುವುದೂ ಕಲಿತುಬಿಡುತ್ತದೆ. ಎದುರಿಗಿಲ್ಲದವರನ್ನಂತೂ ಬಯ್ಯಲೇಬಾರದು, ಅದು ಕಳ್ಳತನ. ನಮ್ಮ ತಂದೆ ಕಚೇರಿಯ ಗುಮಾಸ್ತರು, ಮರ್ಯಾದೆಗೆ ಅಂಜುವವರು. ಒಂದು ದಿನ ಧೈರ್ಯ ಮಾಡಿ ಹೇಳಿದರು: "ಅಕ್ಕಾ, ನಾಳೆ ನಮ್ಮ ಸಾಹೇಬರು ಮನೆಗೆ ಬರ್ತಾರೆ. ಬಾಯಿ ಸ್ವಲ್ಪ ಬಿಗಿಹಿಡಿ."

"ನಿಮ್ಮ ಸಾಹೇಬರು ಬಯ್ಯೋದಿಲ್ವೇನೋ?"

"ಬೈತಾರೆ. ಇಂಗ್ಲಿಷಿನಲ್ಲಿ."

"ಹಾಗಾದ್ರೆ ಅದು ಮರ್ಯಾದೆ, ನಂದು ಮಾತ್ರ ಅಮರ್ಯಾದೆ! ನೀವು ಗಂಡಸರು ಕೋಪ ಬಂದ್ರೆ ಕೈಯೆತ್ತುತ್ತೀರಿ, ಇಲ್ಲ ಹೋಟ್ಲಿಗೆ ಹೋಗಿ ಕಾಫಿ ಕುಡಿದು ಬರ್ತೀರಿ. ನನಗೆ ಕೋಪ ಬಂದ್ರೆ ನಾನೆಲ್ಲಿಗೆ ಹೋಗ್ಲಿ?"

ತಂದೆ ಕೊಡೆ ತೆಗೆದುಕೊಂಡು ಎಲ್ಲಿಗೋ ಹೋದರು. ಹೋಟ್ಲಿಗೇ ಇರಬೇಕು.

ಆದರೆ ಇವೆಲ್ಲ ಚಿಲ್ಲರೆ ಬೈಗುಳ. ಅತ್ತೆಯ ನಿಜವಾದ ವಿದ್ಯೆ ಕಾಣಬೇಕಾದರೆ ನಮ್ಮ ಹಿತ್ತಲಿಗೇ ಬರಬೇಕಿತ್ತು. ಹಿತ್ತಲ ಗೋಡೆಯಾಚೆ ತಿಮ್ಮಕ್ಕ ಎಂಬುವಳು ಮಂಡಕ್ಕಿ ಹುರಿದು ಬಜಾರಿನಲ್ಲಿ ಮಾರುತ್ತಿದ್ದಳು. ಅವಳಿಗೂ ಗಂಡನಿರಲಿಲ್ಲ, ಒಬ್ಬ ಮಗನನ್ನು ಆ ಒಲೆಯ ಮುಂದೆಯೇ ಸಾಕಿದವಳು. ಒಲೆಗೆ ಹಾಕುವುದು ಭತ್ತದ ಹೊಟ್ಟು. ಅದರ ಹೊಗೆ, ಕರಿ, ಬೂದಿ ಎಲ್ಲವೂ ಗೋಡೆ ದಾಟಿ, ಗಳದ ಮೇಲೆ ಒಣಗುತ್ತಿದ್ದ ಅತ್ತೆಯ ಮಡಿಸೀರೆಯ ಮೇಲೆಯೇ ಬಂದು ಕೂರುತ್ತಿತ್ತು. ತಿಮ್ಮಕ್ಕನ ಪಾಲಿಗೆ ಅತ್ತೆ ದಿನವೂ ಒಂದು ಕೈಯ ಐದು ಬೆರಳನ್ನೂ ಮಡಚುತ್ತಿದ್ದರು.

"ಲೇ ತಿಮ್ಮಕ್ಕಾ! ನಿನ್ನ ಒಲೇಲಿ ಗುಳ್ಳೆನರಿ ಮರಿ ಹಾಕ! ನೋಡೇ ನನ್ನ ಸೀರೇನ, ಬೈರಾಗಿ ಜೋಳಿಗೆ ಆಗಿದೆ!"

"ಇಲ್ಲೇ ಒಣಗ್ಸಿ ಅಂತ ನಾನೇನು ವೀಳ್ಯ ಕೊಟ್ಟಿದ್ನಾ? ನಿಮ್ಮ ಬಾಯಿಗೆ ಬಿಸಿ ಮರಳು ಬೀಳ, ಅಮ್ಮಾರೇ!"

ಬೈಗುಳದಲ್ಲೂ ತಿಮ್ಮಕ್ಕ 'ಅಮ್ಮಾರೇ' ಎನ್ನುವುದನ್ನು ಬಿಟ್ಟವಳಲ್ಲ. ಮರ್ಯಾದೆ ಬೇರೆ, ಜಗಳ ಬೇರೆ.

"ಎಲಾ ಹಾಳಾದವಳೇ! ನಿನ್ನ ನಾಲಿಗೆ ಮೇಲೆ ಮಂಡಕ್ಕಿ ಹುರಿಯ!"

"ಹುರೀಲಿ ಬಿಡಿ, ಹೊಟ್ಟು ಉಳೀತದೆ!"

ಅರ್ಧ ಗಂಟೆ ಹೀಗೆ. ಆಮೇಲೆ ಗೋಡೆಯ ಮೇಲಿಂದ ಬಿಸಿ ಮಂಡಕ್ಕಿ ಈಚೆ ಬರುತ್ತಿತ್ತು, ಮಾವಿನಮಿಡಿ ಉಪ್ಪಿನಕಾಯಿ ಆಚೆ ಹೋಗುತ್ತಿತ್ತು. ಅತ್ತೆಯ ಊಟ ತಡವಾದ ದಿನ ತಿಮ್ಮಕ್ಕನೇ ಗೋಡೆಗೆ ಕಲ್ಲು ತಟ್ಟಿ ಕೂಗುತ್ತಿದ್ದಳು: "ಅಮ್ಮಾರೇ, ಬೇಗ ಬನ್ನಿ! ಬೈಸ್ಕೊಂಡು ಬಜಾರಿಗೆ ಹೋಗ್ಬೇಕು ನಾನು!"

ಹೀಗಿರುವಾಗ ಅತ್ತೆ ಕಾಶಿಗೆ ಹೋದರು. ಅನಾಹುತವಾದದ್ದು ಅಲ್ಲಿ.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು. ಜೊತೆಗೆ ಹೋದವರೆಲ್ಲ ಬುದ್ಧಿವಂತರು. ಒಬ್ಬಾಕೆ ಹುಟ್ಟಿದಾಗಿನಿಂದ ತಿನ್ನದ ಹಾಗಲಕಾಯಿಯನ್ನು ಕಣ್ಣೀರಿಟ್ಟು ಬಿಟ್ಟರು. ಒಬ್ಬರು ಕಾಫಿ ಬಿಟ್ಟು, ಬರುವ ದಾರಿಯಲ್ಲೇ ಟೀ ಹಿಡಿದರು. ನಮ್ಮ ಅತ್ತೆಗೆ ಮೋಸ ಗೊತ್ತಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು, ತನಗೆ ನಿಜವಾಗಿ ಇಷ್ಟವಾದದ್ದು ಯಾವುದು ಎಂದು ಯೋಚಿಸಿದರಂತೆ. ಎಷ್ಟು ಹೊತ್ತೆಂದರೆ, ಪಕ್ಕದಲ್ಲಿ ನಿಂತ ಪಂಡನಿಗೆ, ಅಂದರೆ ಅಲ್ಲಿಯ ಪುರೋಹಿತನಿಗೆ, ಸೀನು ಹತ್ತಿತು. ಕೊನೆಗೆ ಹೇಳಿದರು: "ಬೈಗುಳ." ಕನ್ನಡ ಬಾರದ ಪಂಡ ಅದು ದಕ್ಷಿಣದ ಯಾವುದೋ ಹಣ್ಣಿರಬೇಕೆಂದು ಭಕ್ತಿಯಿಂದ ಸಂಕಲ್ಪ ಹೇಳಿಬಿಟ್ಟ.

ಊರಿಗೆ ಬಂದ ಮರುದಿನ ಹಾಲಿನವನ ಪಾತ್ರೆ ನೋಡಿ ಅತ್ತೆ ಬೆರಳು ಮಡಚಲಿಲ್ಲ. "ಹಾಲು ಸ್ವಲ್ಪ ತೆಳ್ಳಗಿದೆ. ನಿನ್ನ ಎಮ್ಮೆಗೆ ಏನೋ ಬೇಜಾರಿರಬೇಕಪ್ಪ" ಎಂದರು. ಅವನು ಮುಖ ಬಿಳಿಚಿಕೊಂಡು ಓಡಿದ. ಬಾಯಿಬಿಟ್ಟು ಬಯ್ಯದವರು ಮನಸ್ಸಿನಲ್ಲಿ ಏನೇನು ಶಾಪ ಹಾಕುತ್ತಿದ್ದಾರೋ ಎಂದು ಹೆದರಿ, ಒಂದು ತಿಂಗಳು ಗಟ್ಟಿ ಹಾಲು ತಂದ! ಮನೆಯವರಿಗೆಲ್ಲ ಸಂತೋಷ. ತಂದೆಯಂತೂ ಸಾಹೇಬರನ್ನು ಮತ್ತೆ ಮನೆಗೆ ಕರೆದರು.

ತಿಮ್ಮಕ್ಕನೊಬ್ಬಳಿಗೆ ಸಂತೋಷವಾಗಲಿಲ್ಲ. ಮೊದಲ ದಿನ ಗೋಡೆಯ ಹತ್ತಿರ ಕಾದಳು. ಎರಡನೆಯ ದಿನ ಕಲ್ಲು ತಟ್ಟಿದಳು. ಮೂರನೆಯ ದಿನ ಹೊಟ್ಟಿನ ಜೊತೆಗೆ ಹಸಿ ಸೌದೆ, ಹರಕು ಗೋಣಿ, ತೆಂಗಿನ ಸಿಪ್ಪೆ ಎಲ್ಲವನ್ನೂ ಒಲೆಗೆ ತುರುಕಿದಳು. ಸೀರೆ ಇರಲಿ, ನಮ್ಮ ಹಿತ್ತಲೇ ಕಾಣದಾಯಿತು. ಅತ್ತೆ ಕೆಮ್ಮುತ್ತಾ ಹೊರಗೆ ಬಂದರು. ತಿಮ್ಮಕ್ಕ ಸೆರಗು ಸಿಕ್ಕಿಸಿ ಸಿದ್ಧವಾಗಿ ನಿಂತಳು.

"ಇರ್ಲಿ ಬಿಡಿ ತಿಮ್ಮಕ್ಕ" ಎಂದರು ಅತ್ತೆ. "ಬೆಂಕಿ ಅಂದಮೇಲೆ ಹೊಗೆ ಇದ್ದೇ ಇರತ್ತೆ."

ತಿಮ್ಮಕ್ಕನ ಮುಖ ನಾನು ನೋಡಿದೆ. ಹೊಡೆದಿದ್ದರೂ ಹಾಗಾಗುತ್ತಿರಲಿಲ್ಲ.

ಕಾಶಿಯ ವಿಷಯವನ್ನು ನಾನೇ ಹೋಗಿ ಅವಳಿಗೆ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ. "ಹೋಗ್ರಯ್ಯ! ಕಾಶಿಗೆ ಹೋದೋರು ಬದನೆಕಾಯಿ ಬಿಡ್ತಾರೆ, ಹಾಗಲಕಾಯಿ ಬಿಡ್ತಾರೆ. ಬೈಗುಳ ಬಿಟ್ಟೋರನ್ನ ಎಲ್ಲಾದ್ರೂ ಕಂಡಿದೀರಾ? ಅಮ್ಮಾರು ಗಂಗೇಲಿ ಬಿಟ್ಟಿದ್ದು ಬೈಗುಳ ಅಲ್ಲ. ನನ್ನ."

ಅದನ್ನು ಅತ್ತೆಗೆ ಮುಟ್ಟಿಸಿದೆ. "ಹೋಗಿ ನಾಲ್ಕು ಒಳ್ಳೆ ಮಾತಾಡಿ ಬನ್ನಿ ಅತ್ತೆ" ಎಂದೆ. ಅವರು ತಲೆಯಲ್ಲಾಡಿಸಿದರು. "ಅವಳ ಹತ್ರ ಒಳ್ಳೆ ಮಾತು ಹೇಗಾಡ್ಬೇಕು ಅಂತ್ಲೇ ಗೊತ್ತಾಗಲ್ಲ ಕಣೋ. ಇಪ್ಪತ್ತು ವರ್ಷದಿಂದ ಬೇರೆ ಮಾತೇ ಆಡಿಲ್ಲ."

ಅಷ್ಟರಲ್ಲಿ ತಿಮ್ಮಕ್ಕನ ಮಗನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸವಾಯಿತು. ಜನ್ನಾಪುರದಲ್ಲಿ ಮನೆ ಮಾಡಿ, ತಾಯಿಯನ್ನೂ ಹೆಂಡತಿಯನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ. ತಿಮ್ಮಕ್ಕ ಗೋಡೆಯ ಹತ್ತಿರ ಬಾರದೆಯೇ ಹೊರಟುಹೋದಳು. ಆಮೇಲೆ ಅತ್ತೆಯ ಸೀರೆ ಮಲ್ಲಿಗೆಯಷ್ಟು ಶುಚಿಯಾಗಿ ಒಣಗುತ್ತಿತ್ತು. ಅದನ್ನು ಮಡಚುವಾಗ ಅತ್ತೆಯ ಮುಖದಲ್ಲಿದ್ದ ಬೇಸರವನ್ನು ಕರಿ ಹಿಡಿದ ಕಾಲದಲ್ಲೂ ನಾನು ಕಂಡಿರಲಿಲ್ಲ.

ನಾಲ್ಕೈದು ತಿಂಗಳಾಗಿರಬೇಕು, ತಿಮ್ಮಕ್ಕನ ಮಗ ನಮ್ಮ ಬಾಗಿಲಿಗೆ ಬಂದು ನಿಂತ. ತಾಯಿಗೆ ಚಳಿಜ್ವರ, ಬಿಡುತ್ತಲೇ ಇಲ್ಲ. ಡಾಕ್ಟರು ಕೊಟ್ಟ ಕ್ವಿನೈನು ಕಹಿಯೆಂದು ಉಗುಳುತ್ತಾಳೆ. "ಹೀಗೇ ಆದ್ರೆ ಕಷ್ಟ ಅಂದ್ರು ಡಾಕ್ಟ್ರು. ಒಂದ್ಸಲ ಬನ್ನಿ ಅಮ್ಮಾರೇ. ನಮ್ಮ ಮಾತು ಕೇಳ್ತಿಲ್ಲ ಅವ್ವ."

ಮರುದಿನ ನಾನೂ ಅತ್ತೆಯೂ ರೈಲು ಹತ್ತಿದೆವು. ಮೂರನೆಯ ತರಗತಿಯ ಗದ್ದಲದಲ್ಲಿ ಒಬ್ಬ ಧಡಿಯ ತನ್ನ ಕಬ್ಬಿಣದ ಟ್ರಂಕನ್ನು ಅತ್ತೆಯ ಕಾಲ ಹೆಬ್ಬೆರಳ ಮೇಲೆ ಇಳಿಸಿಬಿಟ್ಟ. ಅತ್ತೆಯ ಬಾಯಿ ತೆರೆಯಿತು, ಕಣ್ಣಲ್ಲಿ ನೀರು ತುಂಬಿತು, ಇಡೀ ಡಬ್ಬಿ ಉಸಿರು ಬಿಗಿಹಿಡಿಯಿತು. "ಪರವಾಗಿಲ್ಲಪ್ಪ" ಎಂದರು. ಹರಿಶ್ಚಂದ್ರನೂ ಇಷ್ಟು ಕಷ್ಟಪಟ್ಟಿರಲಾರ!

ಜನ್ನಾಪುರದ ಆ ಮನೆಯ ಮುಂದೆ ನಲ್ಲಿಯ ಹತ್ತಿರ ಕಾರ್ಖಾನೆಯವರ ಹೆಂಗಸರಿಬ್ಬರು ಕೊಡ ಹಿಡಿದು ಜಗಳವಾಡುತ್ತಿದ್ದರು. ಅತ್ತೆ ನಿಂತುಬಿಟ್ಟರು.

"ಏನಂತಾಳೋ ಆ ಎತ್ತರದೋಳು?"

"ತಮಿಳು ಅತ್ತೆ, ನನಗೆ ಬರಲ್ಲ."

"ಅರ್ಥ ಹಾಳಾಗ್ಲಿ ಬಿಡು. ಉಸಿರು ಎಷ್ಟು ಚೆನ್ನಾಗಿ ಹಿಡಿದಿದಾಳೆ ನೋಡು!"

ಅರ್ಥಕ್ಕೆ 'ಹಾಳಾಗ್ಲಿ' ಅಂದದ್ದು ಬೈಗುಳದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ಬಲ್ಲವರು ಹೇಳಬೇಕು.

ಒಳಗೆ ತಿಮ್ಮಕ್ಕ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅತ್ತೆ ಹತ್ತಿರ ನೆಲದ ಮೇಲೆ ಕೂತರು.

"ಹೇಗಿದೀರಿ ತಿಮ್ಮಕ್ಕ?"

"ಇದೀನಿ" ಎಂದಳು ಗೋಡೆಗೆ.

"ಔಷಧಿ ತಗೊಬೇಕಂತೆ."

"ತಗೊಂಡು? ಈ ಊರಲ್ಲಿ ಬೈಯೋರಿಗೇನೂ ಕಮ್ಮಿ ಇಲ್ಲ. ತಮಿಳಲ್ಲಿ ಬೈತಾರೆ, ತೆಲುಗಲ್ಲಿ ಬೈತಾರೆ. ಒಂದಾದ್ರೂ ನನಗೆ ತಾಗಲ್ಲ." ಸ್ವಲ್ಪ ತಡೆದು, ಹೊರಳಿ ಅತ್ತೆಯ ಮುಖ ನೋಡಿ ಹೇಳಿದಳು: "ಒಂದ್ಸಲ ಬೈರಿ ಅಮ್ಮಾರೇ. ಒಂದೇ ಒಂದ್ಸಲ. ನನ್ನ ಮ್ಯಾಲೆ ಮನಸಿದೆ ಅಂತ ಗೊತ್ತಾಗ್ಲಿ."

ಅತ್ತೆ ನಮ್ಮತ್ತ ತಿರುಗಿದರು. "ಎಲ್ಲರೂ ಹೊರಗೆ ಹೋಗಿ."

ನಾನೂ ತಿಮ್ಮಕ್ಕನ ಸೊಸೆಯೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಕಾರ್ಖಾನೆಯ ಸೀಟಿ ಕೂಗಿ ಒಳಗಿನ ಮಾತು ಕೇಳಿಸದೆ ಹೋಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಸೀಟಿ ಕೂಗಲಿಲ್ಲ. ನಲ್ಲಿಯ ಜಗಳ ಜೋರಾಗಿತ್ತು, ಬಾಗಿಲು ದಪ್ಪವಾಗಿತ್ತು, ಅಷ್ಟೆ.

ಯಾವ ಬೈಗುಳ ಕೇಳಿದರೆ ಒಬ್ಬಳಿಗೆ ಬದುಕಬೇಕೆನಿಸಬಹುದು? ಹೊರಗೆ ನಿಂತು ಆ ಹಿತ್ತಲ ಗೋಡೆಯ ಬೈಗುಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಆಗ ಹೊಳೆಯಿತು. ನಮ್ಮ ಬೀದಿಯಲ್ಲಿ ಉಪ್ಪಿನಷ್ಟು ಸಲೀಸಾಗಿ ಬಳಸುತ್ತಿದ್ದ ಬೈಗುಳವೊಂದಿತ್ತು: ಮುಂಡೆ. ಗಂಡ ಸತ್ತವಳು ಎಂಬುದಷ್ಟೇ ಅದರ ಅರ್ಥ. ಆ ಒಂದು ಮಾತನ್ನು ಮಾತ್ರ ಅವರಿಬ್ಬರ ಜಗಳದಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ. ಅಷ್ಟು ಕೋಪದಲ್ಲೂ ಇಬ್ಬರೂ ಅದನ್ನು ಮುಟ್ಟದೆ ದಾಟಿಕೊಂಡು ಹೋಗುತ್ತಿದ್ದರು. ಕೇಳಿಯೂ ಮರೆತಿದ್ದೇನೆಯೇ? ಇರಬಹುದು. ಆದರೆ ಹಾಗೆಂದುಕೊಳ್ಳಲು ನನಗೆ ಮನಸ್ಸಿಲ್ಲ.

ಒಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ನಗು. ಯಾರ ನಗುವೆಂದು ತಿಳಿಯಲಿಲ್ಲ. ಬಾಗಿಲು ತೆರೆದಾಗ ಅತ್ತೆಯ ಕೈಯಲ್ಲಿ ಔಷಧಿಯ ಲೋಟ ಖಾಲಿಯಿತ್ತು, ತಿಮ್ಮಕ್ಕ ಮುಖ ಕಿವಿಚಿಕೊಂಡು ಎದ್ದು ಕೂತಿದ್ದಳು.

ಬರುವಾಗ ರೈಲಿನಲ್ಲಿ ಕೇಳಿದೆ: "ಅತ್ತೆ, ಬೈದ್ರಾ?"

"ಟಿಕೀಟು ಜೋಪಾನವಾಗಿ ಇಟ್ಕೊಂಡಿದೀಯಾ?" ಎಂದರು.

ತಿಮ್ಮಕ್ಕ ಹುಷಾರಾದಳು. ಎಷ್ಟೋ ವರ್ಷ ಇದ್ದಳು. ತಿಂಗಳಿಗೊಮ್ಮೆ ಅತ್ತೆ ಭದ್ರಾವತಿಗೆ ಹೋಗಿ ಬರುತ್ತಿದ್ದರು. ಜೊತೆಗೆ ಹೋದ ನಮ್ಮನ್ನು ಪ್ರತಿ ಸಲವೂ ಹೊರಗೆ ಕೂರಿಸುತ್ತಿದ್ದರು. ನಮ್ಮ ಮನೆಯಲ್ಲಿ ಅವರು ಮತ್ತೆ ಯಾರನ್ನೂ ಬಯ್ಯಲಿಲ್ಲ. ಆದರೆ ಆ ಬೇಸಗೆಯಲ್ಲಿ, ಪ್ರತಿ ವರ್ಷವೂ ಬುಟ್ಟಿಯನ್ನೇ ಪಕ್ಕದಲ್ಲಿಟ್ಟುಕೊಂಡು ತಿನ್ನುತ್ತಿದ್ದ ಮಾವಿನಹಣ್ಣನ್ನು ಅತ್ತೆ ಮುಟ್ಟಲಿಲ್ಲ. ಹಲ್ಲುನೋವು ಎಂದರು. ಮರುವರ್ಷವೂ ಮುಟ್ಟಲಿಲ್ಲ, ಆಮೇಲೂ ಮುಟ್ಟಲಿಲ್ಲ. ಗಂಗೆಯಲ್ಲಿ ಬಿಟ್ಟ ಬೈಗುಳವನ್ನು ಹಿಂದಕ್ಕೆ ಪಡೆದು, ಅದರ ಬದಲಿಗೆ ಇದನ್ನು ಬಿಟ್ಟರೇ? ಅಥವಾ ಹಲ್ಲು ನಿಜವಾಗಿಯೇ ನೋಯುತ್ತಿತ್ತೇ? ತಿಮ್ಮಕ್ಕನನ್ನೂ ಒಮ್ಮೆ ಕೇಳಿದೆ. ನಕ್ಕಳು, ಹೇಳಲಿಲ್ಲ. ಈಗ ಇಬ್ಬರೂ ಇಲ್ಲ. ಆ ದಿನ ಬಾಗಿಲ ಹಿಂದೆ ಅತ್ತೆ ಏನೆಂದರು ಎಂಬುದು ನನಗೆ ಗೊತ್ತಿಲ್ಲ.