ಮುನಿಗೆ ಗೇಟ್ ಪಾಸ್ ಇಲ್ಲ

ತ್ಯಾಮಗೊಂಡ್ಲಿನ ಪಿಳ್ಳಣ್ಣನವರಿಗೆ ಅನುಮಾನ ಬಂದಿತ್ತು. ಅದೇನೂ ಹೊಸದಲ್ಲ. ಕಾಫಿ ಎರಡು ನಿಮಿಷ ಬೇಗ ಬಂದರೂ ಲೋಟದೊಳಗೆ ಇಣುಕಿ, "ಇವತ್ತೇನು ವಿಶೇಷ?" ಎಂದು ಕೇಳುವ ಜೀವ ಅದು. ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅವರದು ಗೇಟಿನ ಉಸ್ತುವಾರಿ. ಒಳಗೆ ಬರುವ ಲಾರಿಯನ್ನೂ ಅನುಮಾನಿಸಬೇಕು, ಹೊರಗೆ ಹೋಗುವ ಲಾರಿಯನ್ನೂ ಅನುಮಾನಿಸಬೇಕು. ಸಂಬಳ ಕೊಡುವುದೇ ಅದಕ್ಕೆ. ಸಂಜೆ ಬಸ್ಸಿಳಿದು ಮನೆಗೆ ಬಂದ ಮೇಲೆ ಯೂನಿಫಾರಂ ಕಳಚಿಡುತ್ತಿದ್ದರೇ ಹೊರತು ಅನುಮಾನವನ್ನು ಕಳಚಿಡುತ್ತಿರಲಿಲ್ಲ.

ಆದರೆ ಈ ಸಲದ್ದು ಸಾಮಾನ್ಯ ಅನುಮಾನವಲ್ಲ, ವಂಶದ ಪ್ರಶ್ನೆ. ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಗ ಕಾಂತರಾಜುವಿಗೆ ಗಂಡು ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಬಾಣಂತನ ಮುಗಿಸಿಕೊಂಡು ಸೊಸೆ ಸಿಂಚನ ತವರಾದ ಆವತಿಯಿಂದ ಮಗುವಿನ ಜೊತೆ ಬಂದಿದ್ದಳು. ಬರುವ ಭಾನುವಾರ ನಾಮಕರಣ. ತೊಂದರೆ ಇದ್ದದ್ದು ಆ ತವರಿನಲ್ಲೇ. ಅವಳಪ್ಪ ಮುನಿಕೃಷ್ಣ, ಅವ್ವ ಮುನಿಲಕ್ಷ್ಮಮ್ಮ, ಸೋದರಮಾವ ಮುನಿರಾಜ್. ಮನೆದೇವರು ಮುನೇಶ್ವರ. ಆ ಬೀದಿಯಲ್ಲಿ ನಿಂತು "ಮುನಿ" ಎಂದು ಒಂದು ಸಲ ಕೂಗಿದರೆ ಅರ್ಧ ಊರು "ಏನು?" ಎಂದು ಎದ್ದು ಬರುತ್ತದೆ ಎಂಬುದು ಪಿಳ್ಳಣ್ಣನವರ ಅಂದಾಜು. (ತಮ್ಮ ತಾಯಿಯೂ ಅದೇ ಸೀಮೆಯವಳು ಎಂಬುದು ಇಂಥ ಹೊತ್ತಿನಲ್ಲಿ ಅವರಿಗೆ ನೆನಪಿಗೆ ಬರುತ್ತಿರಲಿಲ್ಲ.)

"ನರಸಮ್ಮ, ಜೋಯಿಸ್ರು ಕೊಟ್ಟಿರೋ ಅಕ್ಷರ ನೋಡಿದ್ಯಾ?" ಎಂದು ಅವರು ಹೆಂಡತಿಯ ಮುಂದೆ ಚೀಟಿ ಹಿಡಿದರು.

"ನೋಡ್ದೆ. ಮಖೆ ನಕ್ಷತ್ರ. ಮ, ಮಿ, ಮು, ಮೆ."

"ಮೂರ್ನೇದು ಯಾವ್ದು?"

"ಮು."

"ಮು ಅಂದ್ರೆ?"

"ಮು ಅಂದ್ರೆ ಮು ಕಣ್ರೀ. ಇನ್ನೇನು, ಮುದ್ದೆನಾ?"

"ಮುನಿ ಕಣೇ, ಮುನಿ! ಬೀಗರು ಜೋಯಿಸ್ರ ಮನೆಗೆ ಹೋಗ್ ಬಂದವ್ರೆ."

"ಮಗು ಮಖೆ ನಕ್ಷತ್ರದಲ್ಲಿ ಹುಟ್ಟಿದ್ದಕ್ಕೂ ಬೀಗರೇ ಕಾರಣವಾ?"

"ಅದನ್ನೂ ವಿಚಾರಿಸ್ಬೇಕು," ಎಂದರು ಪಿಳ್ಳಣ್ಣನವರು ಗಂಭೀರವಾಗಿ.

ನರಸಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಗಂಡನನ್ನು ಬೈಯಲು ಬೇಕಾದಷ್ಟು ಮಾತು ಕಲಿತಿದ್ದಳು. ಆದರೆ ಬೈಗುಳಕ್ಕೆ ಮುಂದೆ ಸೇರಿಸಲು ಒಂದು ಹೆಸರಿಲ್ಲದೆ ಯಾವುದೂ ಸರಿಯಾಗಿ ನಾಟುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ಹಿರಿಯರು ಹೇಳಿಕೊಟ್ಟಿದ್ದನ್ನು ಆಕೆ ಮುರಿದವಳಲ್ಲ. "ಏನ್ರೀ", "ಇವ್ರೇ", "ಕಾಂತರಾಜನ ಅಪ್ಪ" ಎನ್ನುವುದರಲ್ಲೇ ಕಾಲ ಹೋಗಿತ್ತು. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ಮಗಳು ರಮ್ಯಳನ್ನು ಮುಂದೆ ತಳ್ಳಿ, "ಹೇಳಮ್ಮ ನಿಮ್ಮಪ್ಪನ ಹೆಸ್ರ" ಎನ್ನುತ್ತಿದ್ದಳು.

ಪಿಳ್ಳಣ್ಣನವರು ಮನೆಯಲ್ಲಿ ಒಂದು ಕಾನೂನು ಸಾರಿದರು. ಹೆಸರಿಗೆ ಅರ್ಥ ಇರಬೇಕು, ಆ ಅರ್ಥ ಯಾವ ಭಾಷೆಯಲ್ಲೂ ಕೊಂಕಾಗಿರಬಾರದು, ಮತ್ತು ಅದು ತಮ್ಮಿಂದ ಪರಿಶೀಲನೆಯಾಗಿಯೇ ತೊಟ್ಟಿಲು ಸೇರಬೇಕು. ಮುನಿ ಇದ್ದರಂತೂ ಗೇಟಿನಿಂದಲೇ ವಾಪಸ್. ಭಾಷೆಗಳಿಗೇನು ಬರ ಅವರ ಗೇಟಿನಲ್ಲಿ! ಬೆಳಗಾದರೆ ದೇಶದ ಎಲ್ಲ ಕಡೆಯ ಲಾರಿ ಬಂದು ಸಾಲು ನಿಲ್ಲುತ್ತವೆ. ಹಳೆಯ ರಿಜಿಸ್ಟರೊಂದರ ಹಿಂದಿನ ಹಾಳೆಗಳಲ್ಲಿ ಗೆರೆ ಹೊಡೆದು ನಾಲ್ಕು ಕಾಲಂ ಮಾಡಿಕೊಂಡರು: ಹೆಸರು, ಎಲ್ಲಿಂದ ಬಂತು, ಲೋಡು ಏನು, ಷರಾ.

ಸೊಸೆ ಹೇಳಿದ ಮೊದಲ ಹೆಸರು ಮೆಹುಲ್. ಮಾರನೆಯ ದಿನ ಟೈಲ್ಸ್ ತಂದ ಗುಜರಾತಿನ ಚಾಲಕನನ್ನು ಇಳಿಸಿ ಟೀ ಕುಡಿಸಿ ಕೇಳಿದರು. ಅವನು ಆಕಾಶ ತೋರಿಸಿ, ಎರಡು ಕೈಯ ಬೆರಳುಗಳನ್ನೂ ಕೆಳಗೆ ಉದುರಿಸಿದ. ಸಂಜೆ ವರದಿ ಬಂತು.

"ಮಳೆ ಅಂತೆ ಕಣಮ್ಮ. ಮಳೆ ಅಂತ ಹೆಸ್ರಿಟ್ರೆ ಮಗ ಹಾಸಿಗೆ ಒದ್ದೆ ಮಾಡೋದು ಯಾವಾಗ ಬಿಡ್ತಾನೆ?"

"ಈಗ ಹೆಸ್ರಿಲ್ದೇನೇ ಮಾಡ್ತಿದಾನಲ್ಲ ಮಾವ," ಎಂದಳು ಸಿಂಚನ. ಕೇಳುವವರಾರು? ಷರಾ: ವಾಪಸ್.

ಮಾಹಿರ್ ಎಂಬುದಕ್ಕೆ ಲಕ್ನೋ ಕಡೆಯ ಚಾಲಕ, ನಿಪುಣ ಎಂದು ಅರ್ಥ, ಅರಬ್ಬಿಯಿಂದ ಬಂದ ಮಾತು ಎಂದ. "ನಿಪುಣ ಅಂತ ಹೆಸ್ರಿಟ್ಕೊಂಡು ಮಗ್ಗಿ ತಪ್ಪು ಹೇಳಿದ್ರೆ ಮಾನ ಯಾರ್ದು ಹೋಗೋದು?" ಎಂದು ಅದೂ ವಾಪಸ್. ಮಿಲನ್ ಎಂದರೆ ಯೂರೋಪಿನ ಯಾವುದೋ ಸೀಮೆಯಲ್ಲಿ ಮುದ್ದಿನವನು ಎಂದರ್ಥ ಎಂದು ಕಾಂತರಾಜು ಮೊಬೈಲ್ ತೋರಿಸಿದ. "ಅಲ್ಲಿ ಮುದ್ದಿನವ್ನು ಆಗ್ಲಪ್ಪ, ಇಲ್ಲಿ ಮಿಲನ ಅಂದ್ರೆ ಜನ ಸೇರೋದು. ಮಗೂಗೆ ಸಭೆ ಅಂತ ಹೆಸ್ರಿಡ್ತೀಯಾ?" ವಾಪಸ್. ಮಿಹಿರ್ ಎಂದರೆ ಸಂಸ್ಕೃತದಲ್ಲಿ ಸೂರ್ಯ, ಪಾರಸಿ ಭಾಷೆಗೂ ಆ ಮಾತಿಗೂ ಹಳೆಯ ನೆಂಟಸ್ತಿಕೆ ಇದೆ ಎಂದು ನಿವೃತ್ತ ಮೇಷ್ಟ್ರು ಭೀಮರಾಜ್ ನಿಘಂಟು ನೋಡಿ ಹೇಳಿದರು. ಪಿಳ್ಳಣ್ಣನವರು ಮುಖ ಗಂಟಿಕ್ಕಿ, "ಬಿಸಿಲು ಜಾಸ್ತಿಯಾಯ್ತು," ಎಂದರು.

"ಮಳೆನೂ ಬೇಡ, ಬಿಸಿಲೂ ಬೇಡ. ಮೋಡ ಅಂತ ಇಡೋಣ್ವಾ ಮಾವ?" ಎಂದು ಸೊಸೆ ಧಡಾರನೆ ಬಾಗಿಲು ಹಾಕಿಕೊಂಡಳು.

ಆ ಬಾಗಿಲ ಸದ್ದಿನಲ್ಲಿ ಪಿಳ್ಳಣ್ಣನವರಿಗೆ ಪಿತೂರಿ ಕೇಳಿಸಿತು. ಅಂದಿನಿಂದ ಅವರು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಸೊಸೆ ತವರಿಗೆ ಫೋನ್ ಮಾಡುವಾಗ ಹಿತ್ತಲಿಗೆ ಹೋಗುತ್ತಿದ್ದಳು. ಶನಿವಾರ ಆವತಿಯಿಂದ ಬಂದ ಸಾಮಾನಿನಲ್ಲಿ ಕೆಂಪು ಕಾಗದ ಸುತ್ತಿದ ಬೆಳ್ಳಿ ಬಟ್ಟಲೊಂದಿತ್ತು. ಕಾಗದ ಬಿಚ್ಚಿ ಬೆಳಕಿಗೆ ಹಿಡಿದವರಿಗೆ ತಳದಲ್ಲಿ ಕೆತ್ತಿದ ಅಕ್ಷರ ಕಂಡಿತು: ಮು. ಲಾರಿಯ ಸೀಟಿನಡಿ ಕದ್ದ ಮಾಲು ಸಿಕ್ಕಾಗಲೂ ಅವರಿಗೆ ಇಷ್ಟು ಸಂತೋಷವಾಗಿರಲಿಲ್ಲ. ಆದರೆ ಬಟ್ಟಲನ್ನು ಮತ್ತೆ ಕಾಗದದಲ್ಲಿ ಸುತ್ತುವಾಗ ಚಿಂತೆಯೂ ಹತ್ತಿತು. ಇರುವವನೊಬ್ಬ ಮೊಮ್ಮಗ, ಅವನೂ ಬೀಗರ ಪಾಲಾದರೆ ತಮ್ಮದೆಂದು ಆ ಮನೆಯಲ್ಲಿ ಏನುಳಿಯಿತು?

ಭಾನುವಾರ ಮನೆ ಮುಂದೆ ಶಾಮಿಯಾನ ಎದ್ದಿತು. ಆವತಿಯಿಂದ ಒಂದು ಟೆಂಪೋ ತುಂಬ ಮುನಿಗಳು ಬಂದಿಳಿದರು. ಪಿಳ್ಳಣ್ಣನವರ ಸೋದರತ್ತೆ ಪಾಪಕ್ಕನನ್ನು, ಎಂಬತ್ತಮೂರು ವರ್ಷದ ಮುದುಕಿಯನ್ನು, ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಆಕೆಗೆ ಕಿವಿ ಮಂದ. ಹಾಗಾಗಿ ತಾನಾಡುವುದೂ ಊರಿಗೆಲ್ಲ ಕೇಳಲಿ ಎಂಬಂತೆ ಆಡುತ್ತಿದ್ದಳು. ಮಗುವಿನ ಸೋದರತ್ತೆಯಾದ ರಮ್ಯ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲಿಗೆ ಬಗ್ಗಿದ್ದೇ ತಡ, ಪಿಳ್ಳಣ್ಣನವರು ಗೇಟಿನಲ್ಲಿ ಲಾರಿ ತಡೆಯುವಂತೆ ಕೈ ಎತ್ತಿದರು.

"ನಿಲ್ಸಿ! ಇದೇನಿದು?" ಎಂದು ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ತೋರಿಸಿದರು. "ಮು ಅಂತ ಮೊದ್ಲೇ ಕೆತ್ಸಿ ತಂದವ್ರೆ! ನನ್ನ ಮೊಮ್ಮಗನ ಹೆಸ್ರು ಆವತೀಲಿ ತೀರ್ಮಾನ ಆಗೋಗೈತೆ!"

ಬೀಗರು ಮುನಿಕೃಷ್ಣ ಪೇಟ ಸರಿಮಾಡಿಕೊಂಡು ಮೆಲ್ಲಗೆ ಎದ್ದು ನಿಂತರು. "ಅಲ್ಲ ಬೀಗರೇ, ಮುಯ್ಯಿ ಪಾತ್ರೆ ಮೇಲೆ ಕೊಟ್ಟೋರ ಹೆಸ್ರು ಕೆತ್ತಿಸೋದು ನಿಮ್ಮ ಕಡೆ ಇಲ್ವಾ? ಬಟ್ಟಲು ಸಣ್ಣದು, ಪೂರ್ತಿ ಹೆಸ್ರು ಹಿಡೀಲಿಲ್ಲ. ಅದು ನಾನು."

ಹೆಂಗಸರ ಕಡೆಯಿಂದ ಕಿಸಕ್ ಎಂದಿತು. ಪಿಳ್ಳಣ್ಣನವರು ಒಂದು ಹೆಜ್ಜೆ ಹಿಂದೆ ಇಟ್ಟರೂ ಸೋಲೊಪ್ಪಲಿಲ್ಲ. "ಇರ್ಲಿ. ಆದ್ರೂ ಹೇಳ್ತೀನಿ. ನಮ್ಮ ವಂಶದಲ್ಲಿ ಮುನಿ ಇಲ್ಲ, ಬರೋದೂ ಬೇಡ. ಹೆಸ್ರಂದ್ರೆ ನಮ್ದೇ ಇರ್ಬೇಕು, ಅರ್ಥ ಇರ್ಬೇಕು!"

"ಆಯ್ತು ಮಾವ," ಎಂದಳು ಸಿಂಚನ. ಒಂದು ವಾರದ ಸಿಟ್ಟು ಅವಳ ದನಿಯಲ್ಲಿ ಬಹಳ ವಿನಯದಿಂದ ಕೂತಿತ್ತು. "ನಿಮ್ಮ ಹೆಸ್ರಿನ ಅರ್ಥ ಏನು, ಅದೊಂದು ಹೇಳ್ಬಿಡಿ."

ಪಿಳ್ಳಣ್ಣನವರು ಬಾಯಿ ತೆರೆದರು. ಕೈ ತಾನಾಗಿ ಯೂನಿಫಾರಂನಲ್ಲಿ ಹೆಸರಿನ ಪಟ್ಟಿ ಇರುವ ಎದೆಯ ಕಡೆ ಹೋಯಿತು. ಊರವರ ಹೆಸರನ್ನೆಲ್ಲ ಇಳಿಸಿ ತಪಾಸಣೆ ಮಾಡಿದ ಮನುಷ್ಯನಿಗೆ ತನ್ನ ಹೆಸರನ್ನು ಕೇಳಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಚಿತ್ತೂರಿನ ಚಾಲಕನೊಬ್ಬ ಅವರ ಎದೆಯ ಮೇಲಿನ ಹೆಸರು ಓದಿದಾಗಲೆಲ್ಲ ನಗುತ್ತಿದ್ದ. ಗೌರವದ ನಗು ಎಂದುಕೊಂಡಿದ್ದರು.

"ಏನಂತೆ? ಏನು ಕೇಳ್ತಾವಳೆ?" ಎಂದು ಪಾಪಕ್ಕ ಕಿವಿ ಕೊಟ್ಟಳು. ರಮ್ಯ ಜೋರಾಗಿ ಹೇಳಿದಳು. ಮುದುಕಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು.

"ಇವ್ನಿಗೆಲ್ಲಿ ಹೆಸ್ರಿಟ್ಟವ್ರೆ? ಪಿಳ್ಳ ಅಂದ್ರೆ ತೆಲುಗ್ರಲ್ಲೂ ಕೂಸು, ತಮಿಳ್ರಲ್ಲೂ ಕೂಸು. ನಿಮ್ಮವ್ವಂಗೆ ನಿನಗಿಂತ ಮುಂಚೆ ಎರಡು ನಿಲ್ಲಲಿಲ್ಲ ಕಣಪ್ಪ. ನೀನು ಹುಟ್ದಾಗ ಅವ್ಳು ತವರಿನ ಮುನೇಶ್ವರಂಗೆ ಹರಕೆ ಹೊತ್ಲು. ಮುಡಿ ಕೊಟ್ಟು ಸ್ವಾಮಿ ಹೆಸ್ರಿಡೋಗಂಟ ಹೆಸ್ರಿಡಲ್ಲ, ಬರೀ ಪಿಳ್ಳ ಅಂತೀನಿ ಅಂತ. ಮುಡಿ ಕೊಟ್ಟಿದ್ದೂ ಆಯ್ತು. ಹೆಸ್ರಿಡೋ ದಿನ ನಿಮ್ಮಪ್ಪ ನಿನ್ನಂಗೇ ಎದ್ದು ನಿಂತ. ಹೆಂಡ್ತಿ ಕಡೆ ದೇವ್ರ ಹೆಸ್ರು ನಮ್ಮನೇಗೆ ಬೇಡ ಅಂದ. ಜಗಳ ಹತ್ತಿ, ನೆಂಟ್ರು ಉಂಡು ಎದ್ದೋದ್ರು, ಹೆಸ್ರು ಅಲ್ಲೇ ಉಳೀತು. ಸ್ಕೂಲ್ನಾಗೆ ಪಿಳ್ಳ ಅಂತ ಬರೆಸಿದ್ರೆ ಮೇಷ್ಟ್ರು ಮರ್ವಾದೆಗೆ ಒಂದು ಅಣ್ಣ ಸೇರಿಸಿದ್ರು. ಕಿವೀಲಿ ಹೇಳ್ಬೇಕಾಗಿದ್ದೋಳು ನಾನು. ಅರವತ್ತು ವರ್ಷದಿಂದ ಬಾಯಾಗೇ ಇಟ್ಕಂಡು ಕುಂತಿವ್ನಿ!"

ಪಿಳ್ಳಣ್ಣನವರಿಗೆ ಅವ್ವನ ಮುಖ ನೆನಪಾಯಿತು. ಎಮ್ಮೆ ಹಾಲು ಕರೆಯುತ್ತ ಕುಳಿತಲ್ಲಿಂದಲೇ "ಪಿಳ್ಳಾ" ಎಂದು ಕೂಗುತ್ತಿದ್ದ ಆ ದನಿ ನೆನಪಾಯಿತು. ಸಾಯುವವರೆಗೂ ಅವಳು ಬೇರೆ ಹೆಸರು ಹಿಡಿದು ಕರೆದಿರಲಿಲ್ಲ. ಅವರು ಕೈಲಿದ್ದ ಬಟ್ಟಲನ್ನು ಮೆಲ್ಲಗೆ ತೊಟ್ಟಿಲ ಪಕ್ಕ ಇಟ್ಟರು.

ಪೂಜೆಗೆ ಬಂದಿದ್ದ ಜೋಯಿಸರು ಗಂಟಲು ಸರಿಮಾಡಿಕೊಂಡರು. "ಹರಕೆ ಬಾಕಿ ಇಟ್ಕೊಂಡು ಮೊಮ್ಮಗನ ಹೆಸರು ಹೇಳೋ ಹಾಗಿಲ್ಲ. ಮೊದಲು ಹಿರೀ ಮಗುವಿನದು ಆಗಲಿ. ಕೂತ್ಕೊಳ್ಳಿ ಪಿಳ್ಳಣ್ಣನವರೇ, ಮಣೆ ಮೇಲೆ."

ಹೀಗೆ, ಸೊಂಟ ನೋವಿಗೆ ಬೆಲ್ಟ್ ಕಟ್ಟಿಕೊಂಡಿದ್ದ ಅರವತ್ತೊಂದು ವರ್ಷದ ಕೂಸು ತೊಟ್ಟಿಲ ಪಕ್ಕ ಕಾಲು ಮಡಚಿ ಕೂತಿತು. ಪಾಪಕ್ಕ ಬಗ್ಗಿ, ಕಿವಿಯಲ್ಲಿ ಗುಟ್ಟಾಗಿಯೇ ಹೇಳುತ್ತಿದ್ದೇನೆ ಎಂದುಕೊಂಡು, ರಸ್ತೆಯವರೆಗೂ ಕೇಳುವಂತೆ ಮೂರು ಸಲ ಕೂಗಿದಳು: "ಮುನಿಯಪ್ಪಾ! ಮುನಿಯಪ್ಪಾ! ಮುನಿಯಪ್ಪಾ!"

ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಕಿರುಚಿತು. ಆವತಿಯ ಟೆಂಪೋದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಬೀಗರು ಮುನಿಕೃಷ್ಣ ಬಂದು ಎರಡೂ ಕೈ ಹಿಡಿದು, "ಬನ್ನಿ ಮುನಿಯಪ್ಪನೋರೆ, ಈಗ ನೀವು ನಮ್ಮೋರಾದ್ರಿ," ಎಂದರು. ಕಾಂತರಾಜು ಬೇಕೆಂದೇ ರಿಜಿಸ್ಟರ್ ತಂದು, "ಅಪ್ಪ, ಷರಾ ಏನು ಬರೀಲಿ?" ಎಂದ. ಆ ಗಲಾಟೆಯಲ್ಲೇ ರಮ್ಯ ಮಗುವಿನ ಕಿವಿಯಲ್ಲಿ "ಮಿಹಿರ್" ಎಂದು ಹೇಳಿ ಮುಗಿಸಿದಳು. ಬಿಸಿಲು ಜಾಸ್ತಿಯಾಯಿತು ಎನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಊಟಕ್ಕೆ ಏಳುವಾಗ ನರಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಪಾಪಕ್ಕನ ಕುರ್ಚಿಯ ಬಳಿಗೆ ಬಂದು ಕಿವಿಯ ಹತ್ತಿರ ಬಗ್ಗಿದಳು. ಏನೋ ದೊಡ್ಡ ಲೆಕ್ಕಾಚಾರ ಅವಳ ಮುಖದಲ್ಲಿತ್ತು.

"ಅತ್ತೆ, ಅಂಗಾದ್ರೆ ಇವ್ರ ಹೆಸ್ರು ಮುನಿ... ಅಂದ್ರೆ, ನೀವೀಗ ಕೂಗಿದ್ರಲ್ಲ, ಅದು ತಾನೆ?"

"ಅದೇ ಕಣವ್ವ."

"ಇಷ್ಟು ದಿನ ಕರೀತಿದ್ದದ್ದು ಹೆಸ್ರಲ್ಲ ತಾನೆ? ಅದು ನನ್ನ ಬಾಯಲ್ಲಿ ಬಂದ್ರೆ ತಪ್ಪಿಲ್ಲ ತಾನೆ?"

"ತಪ್ಪೇನ್ ಬಂತು? ಕೂಸೇ ಅಂದಂಗೆ ಅಷ್ಟೆ."

ನರಸಮ್ಮ ತಿರುಗಿ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂವತ್ತೆಂಟು ವರ್ಷದ ಉಸಿರನ್ನು ಒಂದೇ ಸಲಕ್ಕೆ ಒಳಗೆಳೆದುಕೊಂಡಳು.

"ಲೇ ಪಿಳ್ಳಣ್ಣಾ! ಮಣೆ ಮೇಲೇ ಏನ್ ಕುಂತಿದ್ದೀಯ? ಬೀಗರ ಪಂಕ್ತಿಗೆ ನೀರು ಹಾಕು ಬಾ!"

"ಬಂದೆ," ಎಂದು ಮುನಿಯಪ್ಪನವರು ಚೆಂಬು ಹಿಡಿದು ಓಡಿದರು.