ಒಂಬತ್ತನೆಯ ಚೌಕವನ್ನು ಒರೆಸಿದ ನಿರ್ದೇಶಕರಿಗೆ

ಮಾನ್ಯರೇ,

ಪಾಂಡವಪುರದ ಗೊಬ್ಬರದಂಗಡಿಯ ಮಹಡಿಯಲ್ಲಿ ಕುಳಿತು ನಾಲ್ಕು ತಾಲ್ಲೂಕಿನ ಮದುವೆ, ನಾಮಕರಣ ಹಾಗೂ ಅಭಿವೃದ್ಧಿಗಳನ್ನು ವಿಡಿಯೋ ಮಾಡುತ್ತಿರುವ ಶ್ರೀಯುತ ಸಿದ್ದರಾಜು ಅವರ ಸನ್ನಿಧಾನಕ್ಕೆ, ಗಂಜಾಂನ ಬೋರ್ಡ್ ಪೇಂಟರ್ ಕಲೀಂ ಮಾಡುವ ಸಲಾಮು ಮತ್ತು ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ವಾಟ್ಸಾಪ್ ಸ್ಟೇಟಸ್ ನೋಡಿ ತಿಳಿದುಕೊಂಡೆ. ಅದರಲ್ಲಿ ತಮ್ಮ ಕೊರಳಲ್ಲಿದ್ದ ಹಾರ ಬಹಳ ಚೆನ್ನಾಗಿತ್ತು.

ಫ್ಲೆಕ್ಸ್ ಬಂದ ಮೇಲೆ ಬ್ರಷ್ ಒಣಗಿಸಿಕೊಂಡು ಕೂತಿದ್ದ ನನ್ನನ್ನು ಕರೆಸಿ, ವಿಡಿಯೋ ತೆಗೆಯುವ ಮೊದಲೇ ಅದರ ಒಂದೊಂದು ದೃಶ್ಯವನ್ನೂ ಒಂದೊಂದು ಚೌಕದೊಳಗೆ ಬರೆದಿಡುವ ಸ್ಟೋರಿಬೋರ್ಡ್ ಎಂಬ ವಿದ್ಯೆಯನ್ನು ಕಲಿಸಿದ ತಮ್ಮ ಉಪಕಾರವನ್ನು ನಾನು ಮರೆತಿಲ್ಲ. ಸಂತೆಬಾಚಹಳ್ಳಿ ಹೋಬಳಿಯ ಒಂದು ಸಣ್ಣ ಊರಿನ ಮಹಿಳಾ ಹಾಲಿನ ಸಂಘಕ್ಕೆ ಹಾಲು ತಣ್ಣಗಿಡುವ ಟ್ಯಾಂಕು ಬೇಕಿತ್ತು. ಟ್ಯಾಂಕು ಕೊಡಲು ಮುಂದೆ ಬಂದಿದ್ದ ದಾನಿಗಳ ಸಮಿತಿ, ಊರಿನ ಪರಿಸ್ಥಿತಿ ತೋರಿಸುವ ಐದು ನಿಮಿಷದ ವಿಡಿಯೋ ಕಳಿಸಿ ಎಂದಿತ್ತು. ಕೆಲಸ ಇದ್ದದ್ದು ಇಷ್ಟೇ.

ನಾನು ಅಲ್ಲಿ ಎರಡು ದಿನ ಇದ್ದು, ಕಂಡದ್ದನ್ನು ಕಂಡ ಹಾಗೆ ಮೂವತ್ತಾರು ಚೌಕಗಳಲ್ಲಿ ಬರೆದೆ. ಸಂಘದ ಕಾರ್ಯದರ್ಶಿ ಸೋಮಮ್ಮನವರು ಪಕ್ಕದಲ್ಲೇ ನಿಂತು, "ಕಲೀಮಣ್ಣ, ಒಡ್ದೋದ್ ಹಾಲ್ನ ಮೊದ್ಲು ಬರ್ಕಪ್ಪಾ, ಮಿಕ್ಕಿದ್ದೆಲ್ಲ ಆಮೇಕೆ" ಎಂದಿದ್ದರು. ಸಂಜೆಯ ಹಾಲು ವ್ಯಾನಿಗೆ ಕಾದು ಕಾದು ಒಡೆಯುವುದು, ಡೇರಿಯಿಂದ ಕ್ಯಾನು ವಾಪಸ್ ಬರುವುದು, ಅದನ್ನು ಅವರು ಚರಂಡಿಗೆ ಸುರಿಯುವುದು, ಇದು, ಮೊದಲು ಬರೆದದ್ದಾದರೂ, ಕತೆಯ ಸಾಲಿನಲ್ಲಿ ಒಂಬತ್ತನೆಯ ಚೌಕ. ಸುರಿಯುವಾಗ ಅವರು ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ. ಅದನ್ನೂ ಬರೆದಿದ್ದೆ.

ಆದರೆ ತಮ್ಮ ಕಲಾದೃಷ್ಟಿ ನನ್ನ ಕಣ್ಣಿಗಿಂತ ಬಹಳ ದೊಡ್ಡದು. ಸ್ಟೀಲ್ ಕ್ಯಾನು ನೋಡಲು ಹಿತವಲ್ಲವೆಂದು ನಾಗಮಂಗಲದಿಂದ ಹಿತ್ತಾಳೆ ಬಿಂದಿಗೆಗಳನ್ನು ತರಿಸಿದಿರಿ. ಸೀಮೆಹಸುವಿನ ಕಪ್ಪು ಮಚ್ಚೆ ಚೌಕದ ಅಂದ ಕೆಡಿಸುತ್ತದೆಂದು ಕೆ.ಆರ್. ಪೇಟೆಯಿಂದ ಬೆಳ್ಳನೆಯ ನಾಟಿ ಹಸುವೊಂದನ್ನು ಟೆಂಪೋದಲ್ಲಿ ಕರೆಸಿದಿರಿ. ಅದು ಕೊಟ್ಟ ಹಾಲು ತಮ್ಮ ತಂಡದ ಟೀಗೂ ಸಾಲದೆ ಹೋದದ್ದರಿಂದ ಬಿಂದಿಗೆಗಳಿಗೆ ಅಕ್ಕಿಹಿಟ್ಟು ಕದಡಿದ ನೀರು ತುಂಬಿಸಿದಿರಿ. ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಅದ್ದಿ ನೋಡದೆ ಒಡಹುಟ್ಟಿದ ತಂಗಿಯ ಹಾಲನ್ನೂ ಹಾಕಿಸಿಕೊಳ್ಳದ ಸೋಮಮ್ಮನವರ ಕೈಯಿಂದಲೇ ಆ ಹಿಟ್ಟಿನ ನೀರನ್ನು ಅಳೆಸಿದ ತಮ್ಮ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಇದಕ್ಕೂ ಮುಂಚೆ, ನನ್ನ ಹಾಳೆಗಳನ್ನು ತಿರುವಿಹಾಕುತ್ತ ಒಂಬತ್ತನೆಯ ಚೌಕಕ್ಕೆ ಬಂದಾಗ ತಾವು, "ಇದು ನೆಗೆಟಿವ್ ಕಣ್ಲಾ ಕಲೀಂ, ಒರೆಸ್ಬುಡು, ಒಂದು ನಗೋ ಮುಖ ಆಕ್ಬುಡು" ಎಂದು ಅಪ್ಪಣೆ ಕೊಡಿಸಿದ್ದಿರಿ.

ನಾನು ಒರೆಸಿದೆ. ಇದನ್ನು ಮುಚ್ಚಿಡುವುದಿಲ್ಲ. ಬೋರ್ಡ್ ಬರೆಯುವವನ ಕೈ ಸ್ವಾಮಿ ಇದು. ಯಾವ ಸೆಲೂನಿನ ಬೋರ್ಡಿನ ಮೇಲೂ ನಾನು ಬೋಳುತಲೆ ಬರೆದವನಲ್ಲ, ಯಾವ ಹೋಟೆಲಿನ ಬೋರ್ಡಿನ ಮೇಲೂ ನಿನ್ನೆಯ ಸಾಂಬಾರು ಬರೆದವನಲ್ಲ. ಗಿರಾಕಿ ಹೇಳಿದ್ದನ್ನು ಹೊಳೆಯುವ ಹಾಗೆ ಬರೆದುಕೊಡುವುದು ಮೂವತ್ತು ವರ್ಷದ ಅಭ್ಯಾಸ. ಇದು ಅಂಗಡಿಯ ಬೋರ್ಡಲ್ಲ, ಕಷ್ಟ ಹೇಳಿಕೊಳ್ಳುವ ಅರ್ಜಿ ಎಂಬುದು ರಬ್ಬರ್ ಹಿಡಿದಾಗ ನನ್ನ ತಲೆಗೆ ಹೋಗಲಿಲ್ಲ.

ಸಮಿತಿಗೆ ಕಳಿಸಿಯಾದ ಮೇಲೆ ತಾವು ವಿಡಿಯೋವನ್ನು ಸಂಘದ ಅಂಗಳದಲ್ಲಿ ತೋರಿಸಿದಿರಿ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಸೋಮಮ್ಮನವರು ಮಾತ್ರ, "ಈ ಊರು ಎಲ್ಲೈತಪ್ಪಾ? ನಾವೂ ಅಲ್ಲಿಗೇ ಓಗ್ಬುಡಾವ" ಎಂದರು. ಸಮಿತಿಯವರಿಗೂ ಹಾಗೇ ಅನ್ನಿಸಿರಬೇಕು. ವಿಡಿಯೋ ಅತ್ಯುತ್ತಮವಾಗಿದೆ, ಇಷ್ಟು ಸುಭಿಕ್ಷವಾದ ಗ್ರಾಮವನ್ನು ಈಚೆಗೆ ಕಂಡಿರಲಿಲ್ಲ, ಆದಕಾರಣ ಟ್ಯಾಂಕನ್ನು ತೊಂದರೆಯಲ್ಲಿರುವ ಬೇರೊಂದು ಊರಿಗೆ ಕೊಡಲಾಗಿದೆ ಎಂದು ಸಂಘಕ್ಕೆ ಕಾಗದ ಬಂತು. ತಮಗೆ ಪ್ರಶಸ್ತಿಪತ್ರ ಬಂತು. ಸ್ಟೇಟಸ್ಸಿನ ಹಾರ ಅದರದೇ ಎಂದು ಆಮೇಲೆ ತಿಳಿಯಿತು.

ಸೋಮಮ್ಮನವರು ಆ ಕಾಗದ ಓದುವಾಗ ನಾನು ಎದುರಿಗೇ ಇದ್ದೆ. ಜೀವಮಾನದಲ್ಲಿ ಅಷ್ಟು ನಾಚಿಕೆ ಪಟ್ಟವನಲ್ಲ. ಅವರು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಟೀ ಕೊಟ್ಟು ಕಳಿಸಿದರು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಒಂದು ರಬ್ಬರಿನಿಂದ ಹಾಲು ಒಡೆಯದಂತೆ ಮಾಡಿದ ತಾವು, ಮೂವತ್ತೇಳನೆಯ ಚೌಕವೊಂದನ್ನು ಬರೆಸಿ, ಸಂಜೆಯ ವ್ಯಾನು ಹಾಲು ಕರೆಯುವುದಕ್ಕೂ ಮುಂಚೆಯೇ ಬಂದು ನಿಲ್ಲುವಂತೆ ಮಾಡಬೇಕು. ಆಗದಿದ್ದರೆ ಹಾಲು ಒಡೆಸುವ ಬಿಸಿಲಿನ ಏಪ್ರಿಲ್ ತಿಂಗಳನ್ನೇ ನೆಗೆಟಿವ್ ಎಂದು ಕ್ಯಾಲೆಂಡರಿನಿಂದ ತೆಗೆದುಹಾಕಬೇಕು. ಅದೂ ಕಷ್ಟವಾದರೆ ಆ ಊರಿನ ಹಸುಗಳಿಗೆಲ್ಲ ತಮ್ಮ ಸ್ಟೋರಿಬೋರ್ಡ್ ತೋರಿಸಿ, ಎರಡು ಹೊತ್ತಿನ ಹಾಲನ್ನೂ ಬೆಳಿಗ್ಗೆಯೇ ಕೊಟ್ಟುಬಿಡುವಂತೆ ಒಪ್ಪಿಸಬೇಕು. ಕ್ಯಾಮೆರಾ ಮುಂದೆ ಎಂಥವರನ್ನೂ ಒಪ್ಪಿಸುವ ಶಕ್ತಿ ತಮಗಿದೆ. ಇದ್ಯಾವುದೂ ಕೈಗೂಡದಿದ್ದರೆ, ತಾವು ತೋರಿಸಿದ್ದು ಸುಳ್ಳು, ಆ ಊರಿಗೆ ಟ್ಯಾಂಕು ಬೇಕೇ ಬೇಕು ಎಂದು ಸಮಿತಿಗೆ ಒಂದು ಪುಟ ಬರೆದು ಕೆಳಗೆ ತಮ್ಮ ಹೆಸರು ಹಾಕಬೇಕು. ಎಲ್ಲಕ್ಕಿಂತ ಅಸಾಧ್ಯವಾದ ಕೋರಿಕೆ ಇದೇ ಎಂದು ನನಗೆ ಗೊತ್ತು.

ಇನ್ನು ಒರೆಸುವ ಕೆಲಸಕ್ಕೆ ಸಿಗದ
ತಮ್ಮ ವಿಶ್ವಾಸಿ,
ಕಲೀಂ
ಬೋರ್ಡ್ ಪೇಂಟರ್, ಗಂಜಾಂ, ಶ್ರೀರಂಗಪಟ್ಟಣ

ಬಿಟ್ಟುಹೋದ ಮಾತು: ನಿನ್ನೆ ಸಂಜೆ ವಾಪಸ್ ಬಂದ ಹಾಲನ್ನು ಸೋಮಮ್ಮನವರು ಚರಂಡಿಗೆ ಸುರಿಯಲಿಲ್ಲ. ಒಂದು ಕ್ಯಾನು ತುಂಬಿ, ಬಾಯಿ ಭದ್ರ ಮಾಡಿ, ಬೆಳಿಗ್ಗೆ ಪಾಂಡವಪುರದ ಬಸ್ಸಿಗೆ ಹಾಕಿದ್ದಾರೆ. ಅದರ ಮೇಲೆ ತಮ್ಮ ಹೆಸರು ಬರೆದವನು ನಾನೇ, ಎನಾಮೆಲ್ ಪೇಂಟಿನಲ್ಲಿ, ದಪ್ಪ ಅಕ್ಷರಗಳಲ್ಲಿ. ಮುಚ್ಚಳ ತೆಗೆಯುವಾಗ ಕ್ಯಾಮೆರಾ ಹತ್ತಿರದಲ್ಲೇ ಇರಲಿ, ಮುಖದಲ್ಲಿ ನಗು ಇರಲಿ. ಟೇಕು ಸರಿಯಾಗಿ ಬರದಿದ್ದರೆ ಚಿಂತೆ ಮಾಡಬೇಡಿ, ಇನ್ನೊಂದು ಕ್ಯಾನು ಇವತ್ತು ಸಂಜೆಯೇ ಸಿದ್ಧವಾಗುತ್ತದೆ.