ಕಾಯ್ದೆ ಪ್ರಕಾರ ಉಂಡಿ

ಸುವರ್ಣಾಳ ದಾಸವಾಳಕ್ಕೆ ಬಿಳಿ ಹುಳ ಹತ್ತಿದ್ದೇ ಎಲ್ಲಕ್ಕೂ ಕಾರಣ. ನಾಗರ ಪಂಚಮಿಯ ಬೆಳಿಗ್ಗೆ ಪೂಜೆಗೆ ಹೂ ಕೀಳಲೆಂದು ಬಾಲ್ಕನಿಗೆ ಹೋದವಳು, ಟೊಂಗೆಗಳಿಗೆಲ್ಲ ಹಿಟ್ಟು ಮೆತ್ತಿದ ಹಾಗೆ ಕೂತಿದ್ದ ಹುಳ ನೋಡಿ, ಅಲ್ಲಿಂದಲೇ ಗಂಡನನ್ನು ಕೂಗಿ ಔಷಧಕ್ಕೆ ಅಟ್ಟಿದಳು.

ಗಂಡ ಭೀಮಾಶಂಕರ ಸರ್ಕಾರಿ ನೌಕರಿ ಮುಗಿಸಿ ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಸುಖವಾಗಿ ಇರಬೇಕಾದವನು. ಆದರೆ ಸಕ್ಕರೆ ಕಾಯಿಲೆ ಗಂಟುಬಿದ್ದಿತ್ತು. ಅದರ ಮೇಲೆ ಹಬ್ಬ. ವಾರದಿಂದ ಮನೆಯೆಲ್ಲ ಹುರಿದ ಶೇಂಗಾ, ಬೆಲ್ಲದ ಪಾಕ, ತುಪ್ಪದ ಘಮಘಮ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು ಎಲ್ಲ ಡಬ್ಬಿ ಸೇರಿ, ಡಬ್ಬಿಗಳು ನಡುಮನೆಯ ಕಬ್ಬಿಣದ ಅಲಮಾರಿ ಸೇರಿ, ಅಲಮಾರಿಯ ಕೀಲಿಕೈ ಸುವರ್ಣಾಳ ಸೊಂಟ ಸೇರಿತ್ತು. ಪಂಚಮಿಗೆ ಒಂದು ಉಂಡಿಯೂ ಬಾಯಿಗೆ ಬೀಳದ ಮೇಲೆ ಇದೆಂಥ ಬಾಳು ಎಂದು ಪಾಪ, ಅವನಿಗೆ ನಿಜವಾಗಿ ಅಳು ಬಂದಿತ್ತು.

ಗಿಡದ ಔಷಧದ ಅಂಗಡಿಗೆ ಅವನು ಟಾನಿಕ್ಕಿನ ಖಾಲಿ ಬಾಟಲಿ ಹಿಡಿದುಕೊಂಡು ಹೋಗಿದ್ದ. ಒಂದೇ ಕುಂಡಕ್ಕೆ ಎಷ್ಟು ಬೇಕು, ಇದರಲ್ಲೇ ಸ್ವಲ್ಪ ಸುರಿದುಕೊಡಲಿ ಎಂಬ ಲೆಕ್ಕ. ಅಂಗಡಿಯ ಮನೋಜ ಅದನ್ನು ನೋಡಿ ಕೈ ಮುಗಿದ. ಸೀಲು ಒಡೆದು ಬಿಡಿಯಾಗಿ ಮಾರುವ ಹಾಗಿಲ್ಲ, ಮಾರಿದರೆ ಲೈಸೆನ್ಸ್ ಹೋಗುತ್ತದೆ ಎಂದ. ಕಿರಾಣಿ ಅಂಗಡಿಯವರು ಬೇಳೆಯ ಪಕ್ಕ ಇಟ್ಟು ಮಾರುವುದೂ ತಪ್ಪು ಎಂದ. ಕೊಂಡವರು ಬೇರೆ ಬಾಟಲಿಗೆ ಸುರಿಯಬಾರದು, ತಿನ್ನುವ ಪದಾರ್ಥದ ಜೊತೆ ಇಡಬಾರದು, ಬೀಗ ಹಾಕಿಯೇ ಇಡಬೇಕು ಎಂದ. ಅಲ್ಲಿಯವರೆಗೆ ಆಕಳಿಸುತ್ತಿದ್ದ ಭೀಮಾಶಂಕರ ಬೀಗದ ಮಾತು ಬಂದದ್ದೇ ಕಿವಿ ನಿಮಿರಿಸಿ, ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಸೀಲಿನ ಬಾಟಲಿಯನ್ನೇ ಕೊಂಡು ಮನೆಗೆ ಬಂದರೆ ಸುವರ್ಣಾ ಬೇರೆಯೇ ರಾಗ ತೆಗೆದಳು. ಪಂಚಮಿಯ ದಿನ ಯಾರಾದರೂ ಹುಳ ಕೊಲ್ಲುತ್ತಾರೆಯೇ, ನಾಳೆ ಹೊಡೆದರಾಯಿತು, ಅಲ್ಲಿವರೆಗೆ ಎಲ್ಲಾದರೂ ಇಡಿ ಎಂದಳು. ಭೀಮಾಶಂಕರನಿಗೆ ಬೇಕಾದದ್ದೂ ಅದೇ.

"ಎಲ್ಲೆರ ಇಡಾಕ ಬರೂದಿಲ್ಲ, ಸುವರ್ಣಾ. ಕಾಯ್ದೆ ಐತಿ. ಕೀಲಿ ಹಾಕಿ ಇಡಬೇಕು, ತಿನ್ನೂ ಪದಾರ್ಥದ ಸಂಗಾಟ ಇಡಬಾರದು. ನಮ್ಮನ್ಯಾಗ ಕೀಲಿ ಇರೂದು ಅದೊಂದ ಅಲಮಾರಿಗೆ. ಉಂಡಿ ಹೊರಗ ತಗೀಬೇಕಾಕ್ಕತಿ, ಏನ್ ಮಾಡೂದು."

ಗಂಡನಿಗೆ ಇದ್ದಕ್ಕಿದ್ದಂತೆ ಕಾಯ್ದೆಯ ಮೇಲೆ ಪ್ರೀತಿ ಹುಟ್ಟಿದ್ದು ಯಾಕೆಂದು ಅವಳಿಗೆ ತಿಳಿಯದೇ ಇರುತ್ತದೆಯೇ? ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರುಮನೆಯ ಪಾರ್ವತಿಬಾಯಿ ಒಳಗೆ ಬಂದರು. ಬೇರೆಯವರ ಮನೆಯ ಮಾತು ಅರ್ಧಕ್ಕೆ ನಿಂತರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಅಣ್ಣಾರು ಖರೇ ಹೇಳಾಕತ್ತಾರ ನೋಡವಾ," ಎಂದರು ಅವರು. "ನಮ್ಮನ್ಯಾಗ ಇಂಥಾದೊಂದು ಬಾಟ್ಲಿ ಉಳ್ಳಾಗಡ್ಡಿ ಬುಟ್ಟಿ ಬಾಜೂಕ ಐತಿ. ಅದನ್ನೂ ಇದರಾಗ ಇಟ್ಟಬಿಡ್ರಿ."

ಇಬ್ಬರ ಎದುರು ಸುವರ್ಣಾ ಸೋತಳು. ಅವಳ ಮನಸ್ಸು ಬದಲಾಗುವ ಮೊದಲೇ ಭೀಮಾಶಂಕರ, ನೀ ಕೂಡು, ನಾನೇ ತೆಗೀತೀನಿ ಎಂದು ಕೀಲಿಕೈ ಈಸಿಕೊಂಡು, ಕೆಳಗಿನ ಖಾನೆಗಳ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಔಷಧವನ್ನು ಒಳಗಿಟ್ಟು ಬೀಗ ಜಡಿದು, ಕೀಲಿಕೈಯನ್ನು ದೊಡ್ಡ ಮನಸ್ಸಿನಿಂದ ಹೆಂಡತಿಗೇ ಹಿಂದಿರುಗಿಸಿದ. ಇನ್ನು ಅವಳು ಒಂದು ಗಳಿಗೆ ಆಚೆ ಹೋದರೆ ಸಾಕಾಗಿತ್ತು.

ಆದರೆ ಪಾರ್ವತಿಬಾಯಿ ಸುದ್ದಿಯನ್ನು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬರ ಕೈಯಲ್ಲಿ ಗುಲಾಬಿಯ ಔಷಧ, ಒಬ್ಬರ ಕೈಯಲ್ಲಿ ಇರುವೆ ಪುಡಿ, ಇನ್ನೊಬ್ಬರದು ಗೆದ್ದಲಿನದು. ಮೇಲಿನ ಮನೆಯ ವಿಶ್ವಜಿತ್ ತಂದದ್ದನ್ನು ನೋಡಿ ಎಲ್ಲರೂ ಹೌಹಾರಿದರು. ಅವನು ಔಷಧವನ್ನು ತಂಪು ಪಾನೀಯದ ಬಾಟಲಿಯಲ್ಲಿ ಸುರಿದಿಟ್ಟಿದ್ದ. ಮಕ್ಕಳು ಕುಡಿದರೆ ಗತಿಯೇನು ಎಂದು ಪಾರ್ವತಿಬಾಯಿ ಅವನಿಗೆ ಮಂಗಳಾರತಿ ಎತ್ತಿ, ಅದನ್ನು ಎಲ್ಲಕ್ಕಿಂತ ಮೇಲಿನ ಖಾನೆಗೆ ತಾವೇ ತೂರಿಸಿದರು.

ಪಂಚಮಿಯ ದಿನ ಮನೆಗೆ ಬಂದವರನ್ನು ಖಾಲಿ ಕೈಯಲ್ಲಿ ಕಳಿಸುವುದುಂಟೇ? ಕಲಬುರಗಿ ಕಡೆಯ ಹೆಣ್ಣುಮಗಳು ಸುವರ್ಣಾ. ಬಾಟಲಿ ಒಳಗೆ ಹೋದ ಹಾಗೆಲ್ಲ ತಾಟಿನ ತುಂಬ ಉಂಡಿ ಹೊರಗೆ ಹೋಯಿತು. ಉಂಡಿಯ ರುಚಿ ಹಬ್ಬಿದ ಮೇಲೆ, ಗಿಡವೇ ಇಲ್ಲದವರೂ ತಿಗಣೆ ಔಷಧ ಹುಡುಕಿಕೊಂಡು ಬಂದರು. ಎಲ್ಲರೂ ಭೀಮಾಶಂಕರನ ಎದುರೇ ಕೂತು ತಿಂದು, ನಿಮಗೆ ಸಕ್ಕರೆ ಇದೆ ಅಲ್ಲವೇ ಎಂದು ಮರುಗಿದರು. ಅವನು ಮೇಜಿನತ್ತ ಕೈ ಚಾಚಿದಾಗಲೆಲ್ಲ ಯಾರಾದರೊಬ್ಬರು ಡಬ್ಬಿಯನ್ನು ಆಚೆ ಸರಿಸಿದರು. ಸಂಜೆಗೆ ಕೊನೆಯ ಡಬ್ಬಿಯ ತಳದಲ್ಲಿ ಎಳ್ಳು ಮಾತ್ರ ಉಳಿದಿತ್ತು. ಅದನ್ನೂ ಪಾರ್ವತಿಬಾಯಿ ಅಂಗೈಗೆ ಸುರಿದುಕೊಂಡು ಮನೆಗೆ ಹೋದರು.

ದೀಪ ಹಚ್ಚಿದ ಮೇಲೆ ಸುವರ್ಣಾಳ ಮುಖದಲ್ಲಿ ಹಬ್ಬದ ಕಳೆ ಬಂತು. ಬರ್ರಿ ಇಲ್ಲಿ, ಕಣ್ಣು ಮುಚ್ಚಿಕೊಳ್ರಿ ಎಂದು ಗಂಡನನ್ನು ಕರೆದು ಅಲಮಾರಿ ತೆರೆದಳು. ಗಪ್ಪೆಂದು ಔಷಧದ ವಾಸನೆ ಬಂತು. ಮೇಲಿನ ಖಾನೆಯ ಹಿತ್ತಾಳೆ ಸಾಮಾನಿನ ಹಿಂದೆ ಅವಳು ಕೈ ಹಾಕಿದ್ದಷ್ಟೇ, ಹಾಗೇ ನಿಂತುಬಿಟ್ಟಳು. ಅಲ್ಲೊಂದು ಪುಟ್ಟ ಡಬ್ಬಿ ಇತ್ತು. ವಿಶ್ವಜಿತನ ಬಾಟಲಿ ಅದಕ್ಕೆ ಒರಗಿ ಕೂತಿತ್ತು.

"ಡಾಕ್ಟರ್ನ ಕೇಳಿದ್ದೆರಿ," ಎಂದಳು ಮೆಲ್ಲಗೆ. "ಹಬ್ಬದ ದಿವಸ ಎರಡು ತಿಂದ್ರ ನಡೀತದ ಅಂದ್ರು. ಬೆಲ್ಲ ಕಡಿಮಿ ಹಾಕಿ ನಿಮಗಂತನ ಕಟ್ಟಿದ್ದೆ. ಪೂಜಿ ಆದಮ್ಯಾಗ ಕೊಡೂಣಂತ ಮುಚ್ಚಿಟ್ಟಿದ್ದೆ. ಈ ಗದ್ದಲದಾಗ ಮರತ ಹೋತು."

ಭೀಮಾಶಂಕರನಿಗೆ, ಇಷ್ಟು ವರ್ಷ ಇವಳನ್ನು ಜೈಲರ್ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಹಸಿವೂ ಇತ್ತು. ಮುಚ್ಚಳ ಗಟ್ಟಿ ಇದೆ, ಏನೂ ಆಗುವುದಿಲ್ಲ ಎಂದು ಡಬ್ಬಿಗೆ ಕೈ ಹಾಕಿದ.

ಸುವರ್ಣಾ ಅದನ್ನು ಹಿಂದಕ್ಕೆ ಎಳೆದುಕೊಂಡಳು. "ತಿನ್ನೂ ಪದಾರ್ಥದ ಸಂಗಾಟ ಇಡಬಾರದು ಅಂತ ಮುಂಜಾನಿ ನೀವ ಹೇಳಿದ್ರಿ. ನನಗ ನೀವು ಬೇಕ್ರಿ, ಉಂಡಿ ಅಲ್ಲ."

ಡಬ್ಬಿ ಕಸದ ಬುಟ್ಟಿ ಸೇರಿತು. ಸುವರ್ಣಾ ಕಣ್ಣೊರೆಸಿಕೊಂಡು, ಇನ್ನು ಇದರಲ್ಲಿ ನಾನು ಕಾಯುವಂಥದ್ದು ಏನಿದೆ ಎಂದು ಸೊಂಟದ ಕೀಲಿಕೈ ಬಿಚ್ಚಿ ಗಂಡನ ಅಂಗೈಯಲ್ಲಿಟ್ಟಳು.

ಆಗ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಬಂಡೆಪ್ಪ ಜಿರಲೆ ಔಷಧದ ಬಾಟಲಿ ಹಿಡಿದು ನಿಂತಿದ್ದ. ಅದನ್ನು ಭೀಮಾಶಂಕರನ ಕೈಗೆ ಕೊಟ್ಟು, ಅವನ ಹೆಗಲಿನಾಚೆಗೆ ಮೇಜಿನತ್ತ ಇಣುಕಿದ.

"ಶೇಂಗಾ ಉಂಡಿ ಇನ್ನೂ ಉಳದಾವೇನ್ರಿ?"